ಉಮೇದುವಾರಿಯಿಂದ ಕಾರ್ಯಾನುಭವದವರೆಗೆ: ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ವಿದ್ಯಾರ್ಥಿಗಳು

ಕನ್ನಡದ ಹಳೆಯ ಕಚೇರಿ ಭಾಷೆಯಲ್ಲಿ ಉಮೇದುವಾರ ಎಂಬ ಪದಕ್ಕೆ ಇಂದಿನಂತೆ ಚುನಾವಣೆಗೆ ನಿಂತವನು ಎಂಬುದಷ್ಟೇ ಅರ್ಥವಾಗಿರಲಿಲ್ಲ. ಆಸೆ, ಭರವಸೆ ಎಂಬ ಅರ್ಥದ ಪಾರಸಿ ಪದ ಉಮೇದ್‌ನಿಂದ ಹುಟ್ಟಿದ ಈ ಮಾತು, ಸಂಬಳವಿಲ್ಲದೆ ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಕುಳಿತು, ಹಿರಿಯ ಗುಮಾಸ್ತರ ಕಾಗದಗಳನ್ನು ನಕಲು ಮಾಡುತ್ತ, ಅರ್ಜಿ ಓದುವ ಬಗೆಯನ್ನೂ ಲೆಕ್ಕ ಒಪ್ಪಿಸುವ ಬಗೆಯನ್ನೂ ನೋಡಿ ಕಲಿಯುತ್ತ, ಎಂದಾದರೊಂದು ದಿನ ಹುದ್ದೆ ತೆರವಾದೀತೆಂದು ಕಾಯುತ್ತಿದ್ದ ತರುಣನನ್ನು ಸೂಚಿಸುತ್ತಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಅಮಲ್ದಾರರ ಆಡಳಿತಕ್ಕೆ ಒಳಪಟ್ಟಿದ್ದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯಲ್ಲಿ ಓದುಬರಹ ಬಲ್ಲ ಮನೆಗಳ ಹುಡುಗರು ಸರ್ಕಾರಿ ಚಾಕರಿಗೆ ಹತ್ತುತ್ತಿದ್ದ ಮೆಟ್ಟಿಲುಗಳಲ್ಲಿ ಇದೂ ಒಂದು. ಇಂದು ವಿಶ್ವವಿದ್ಯಾಲಯಗಳು ಇಂಟರ್ನ್‌ಶಿಪ್ ಎಂದು ಕರೆಯುವ ವ್ಯವಸ್ಥೆಯ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಬೆಂಗಳೂರಿನ ಗಾಜಿನ ಕಟ್ಟಡಗಳ ಕಡೆಗೆ ನೋಡುತ್ತಾರಾದರೂ, ಕೆಲಸದ ಬಳಿಯಲ್ಲಿ ಕುಳಿತು ಕೆಲಸ ಕಲಿಯುವ ರೂಢಿ ಆ ನಗರದ ಸುತ್ತಲಿನ ಈ ಗ್ರಾಮಾಂತರ ಸೀಮೆಯಲ್ಲಿ ಅದಕ್ಕಿಂತ ಬಹಳ ಹಿಂದಿನದು, ಮತ್ತು ಅದರ ಅತ್ಯಂತ ಗಟ್ಟಿಯಾದ ಇಂದಿನ ರೂಪವೂ ಇದೇ ಸೀಮೆಯ ರಾಗಿ ಹೊಲಗಳಲ್ಲಿಯೇ ಕಾಣಸಿಗುತ್ತದೆ.

ಹಳೆಯ ರೂಢಿಗಳಲ್ಲಿ ಉಮೇದುವಾರಿಯೊಂದೇ ಇರಲಿಲ್ಲ. ಶ್ಯಾನುಭೋಗರ ಮನೆಯ ಹುಡುಗ ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿಮಾಡಿದ ಬಟ್ಟೆಯ ಪುಸ್ತಕವಾದ ಕಡತದ ಮೇಲೆ ಬಳಪ ಹಿಡಿದು ಕಂದಾಯದ ಲೆಕ್ಕ ತಿದ್ದುತ್ತಿದ್ದನು. ದೊಡ್ಡಬಳ್ಳಾಪುರದ ನೇಕಾರ ಮನೆಯ ಮಗು ಮೊದಲು ಕಂಡಿಕೆ ಸುತ್ತುವುದನ್ನು, ಅಂದರೆ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗೆ ಹೊಕ್ಕಿನ ನೂಲು ಸುತ್ತುವುದನ್ನು ಕಲಿತು, ಆಮೇಲೆ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವ ಅಚ್ಚು ಕೆಚ್ಚುವ ಕೆಲಸಕ್ಕೆ ಕೈಯಿಟ್ಟು, ಕೊನೆಗೆ ಮಗ್ಗದ ಮುಂದೆ ಕೂರುತ್ತಿತ್ತು. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದ ಮೇಲೂ ಈ ಕ್ರಮದಲ್ಲಿ ದೊಡ್ಡ ಬದಲಾವಣೆ ಆಗಲಿಲ್ಲ. ಇಂಥ ಕಲಿಕೆಯಲ್ಲಿ ಕೈ ಪಳಗುತ್ತಿತ್ತು, ಕಣ್ಣು ಸೂಕ್ಷ್ಮವಾಗುತ್ತಿತ್ತು, ಆದರೆ ಬದುಕಿನ ದಿಕ್ಕು ಯಾವುದೆಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ, ಏಕೆಂದರೆ ದಿಕ್ಕು ಹುಟ್ಟಿನೊಂದಿಗೇ ಗೊತ್ತಾಗಿರುತ್ತಿತ್ತು ಮತ್ತು ಯಾವ ಜಾತಿಯವರಿಗೆ ಯಾವ ಕಸುಬಿನ ಬಾಗಿಲು ಮುಚ್ಚಿದೆ ಎಂಬುದೂ ಅಷ್ಟೇ ಖಚಿತವಾಗಿರುತ್ತಿತ್ತು. ಕಾಲೇಜು ಶಿಕ್ಷಣ ಬಂದಾಗ ಸ್ಥಿತಿ ತಲೆಕೆಳಗಾಯಿತು: ಆಯ್ಕೆ ಮಾಡಿಕೊಳ್ಳುವ ಅವಕಾಶ ತೆರೆಯಿತು, ಕೈಗೆ ಮಾತ್ರ ಕೆಲಸದ ಪರಿಚಯ ತಪ್ಪಿಹೋಯಿತು. ಪಳಗಿದ ಕೈಯನ್ನೂ ಆಯ್ಕೆಯ ಸ್ವಾತಂತ್ರ್ಯವನ್ನೂ ಒಂದೆಡೆ ಸೇರಿಸಲು ನಡೆದ ಪ್ರಯತ್ನಗಳ ಕಥೆಯೇ ವಿದ್ಯಾರ್ಥಿಗಳ ಕಾರ್ಯಾನುಭವದ ಇತಿಹಾಸ.

ಈ ಕೊರತೆ ಮೈಸೂರು ಸಂಸ್ಥಾನಕ್ಕಷ್ಟೇ ಸೇರಿದ್ದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 1906ರಲ್ಲಿ ವಿದ್ಯಾರ್ಥಿಗಳು ಕೆಲವು ಕಾಲ ತರಗತಿಯಲ್ಲಿಯೂ ಕೆಲವು ಕಾಲ ಕಾರ್ಖಾನೆಯಲ್ಲಿಯೂ ಸರದಿಯಂತೆ ಕಳೆಯುವ ಪದ್ಧತಿಯನ್ನು ಆರಂಭಿಸಿದರು; ಓದು ಮತ್ತು ದುಡಿಮೆಯನ್ನು ವಿಶ್ವವಿದ್ಯಾಲಯವೇ ಜೋಡಿಸಿದ ಮೊದಲ ವ್ಯವಸ್ಥಿತ ಪ್ರಯೋಗವೆಂದು ಅದನ್ನು ಗುರುತಿಸಲಾಗುತ್ತದೆ. ವೈದ್ಯಕೀಯದಲ್ಲಂತೂ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯದೆ ವೈದ್ಯರಾಗುವಂತೆಯೇ ಇರಲಿಲ್ಲ, ಮತ್ತು ಕನ್ನಡಿಗರಿಗೆ ಇಂಟರ್ನ್‌ಶಿಪ್ ಎಂಬ ಪದ ಮೊದಲು ಪರಿಚಯವಾದದ್ದು, ಹೌಸ್ ಸರ್ಜನ್ ಎಂಬ ಇನ್ನೊಂದು ಪದದ ಜೊತೆಯಲ್ಲಿ, ಅಲ್ಲಿಂದಲೇ. ಕೃಷಿಗೆ ಮಾತ್ರ ಇಂಥ ಕಡ್ಡಾಯ ಬಹಳ ತಡವಾಗಿ ಬಂದಿತು. ರೋಗಿಯ ಮುಖ ನೋಡದೆ ವೈದ್ಯನಾಗುವುದು ಅಸಂಬದ್ಧವೆಂದು ಎಲ್ಲರಿಗೂ ತೋರುತ್ತಿದ್ದ ಕಾಲದಲ್ಲಿಯೂ, ರೈತನ ಮನೆಯಲ್ಲಿ ಒಂದು ರಾತ್ರಿ ಕಳೆಯದೆ ಕೃಷಿ ಪದವೀಧರನಾಗುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನದ ಆರಂಭವನ್ನು 1899ಕ್ಕೆ ಇಡುವುದು ವಾಡಿಕೆ. ಆ ವರ್ಷ ಸಂಸ್ಥಾನವು ಕೃಷಿ ರಸಾಯನ ವಿಜ್ಞಾನಿ ಅಡಾಲ್ಫ್ ಲೇಮನ್ ಅವರನ್ನು ನೇಮಿಸಿಕೊಂಡಿತು ಮತ್ತು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಪ್ರಯೋಗ ಕ್ಷೇತ್ರ ಮೊದಲಾಯಿತು. 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದರು. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ತೆರೆದದ್ದೂ, ರಾಗಿಯ ತಳಿ ಸುಧಾರಣೆಯ ಕೆಲಸ ಅದೇ ಸುಮಾರಿಗೆ ಕೈಗೆತ್ತಿಕೊಂಡದ್ದೂ, ಹೆಬ್ಬಾಳದ ಹೆಸರಿನ ಮೊದಲ ಅಕ್ಷರವನ್ನು ಹೊತ್ತ ಎಚ್-22 ಎಂಬ ರಾಗಿ ತಳಿ ರೈತರ ಕೈಗೆ ಬಂದದ್ದೂ ಇದೇ ಅವಧಿಯಲ್ಲಿ. ಶಾಲೆಯೂ ಪ್ರಯೋಗ ಕ್ಷೇತ್ರವೂ ಒಂದೇ ಬೇಲಿಯೊಳಗೆ ಇದ್ದುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಲಿಯಲು ಬಂದವರಿಗೆ ಪಾಠವೂ ನೇಗಿಲೂ ಕೂಗಳತೆಯ ದೂರದಲ್ಲಿದ್ದವು. ಆದರೆ ಆ ಬೇಲಿಯೊಳಗಿನ ಹೊಲ ಸರ್ಕಾರದ ಹೊಲ. ಅಲ್ಲಿ ಮಳೆ ತಪ್ಪಿದರೆ ಪ್ರಯೋಗ ಕೆಡುತ್ತಿತ್ತೇ ಹೊರತು ಯಾರ ಮನೆಯ ವಾಡೆಯೂ, ಅಂದರೆ ಕಾಳು ತುಂಬಿಡುವ ಮಣ್ಣಿನ ಕಣಜವೂ, ಖಾಲಿ ಉಳಿಯುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಅರಿಯಲು ವಿದ್ಯಾರ್ಥಿಯು ಬೇಲಿ ದಾಟಿ ಹೋಗಬೇಕಾಗಿತ್ತು, ಮತ್ತು ಅದಕ್ಕೆ ಮುಂದೆ ಎಂಟು ದಶಕಗಳೇ ಹಿಡಿದವು.

ಹೆಬ್ಬಾಳದಲ್ಲಿ 1946ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದಂತೆ ಕೃಷಿ ಕಾಲೇಜು ಆರಂಭವಾಯಿತು. 1963ರ ಶಾಸನದ ಮೂಲಕ ರೂಪುಗೊಂಡ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಕಾರ್ಯಾರಂಭ ಮಾಡಿತು. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ ಬೆಳೆದ ಈ ಸಂಸ್ಥೆಯ ಹಿಂದೆ ಆ ದೇಶದ ಭೂದಾನ ವಿಶ್ವವಿದ್ಯಾಲಯಗಳ ಕಲ್ಪನೆ ಇತ್ತು. 1862ರ ಮೊರಿಲ್ ಶಾಸನದಡಿ ಸರ್ಕಾರಿ ಭೂಮಿ ಪಡೆದು ಕೃಷಿ ಮತ್ತು ಯಂತ್ರವಿದ್ಯೆಯನ್ನು ಸಾಮಾನ್ಯರ ಮಕ್ಕಳಿಗೆ ಕಲಿಸಲು ಹುಟ್ಟಿದ ಆ ವಿದ್ಯಾಲಯಗಳು ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರನ್ನೂ ಒಂದೇ ಸಂಸ್ಥೆಯ ಹೊಣೆಯೆಂದು ಭಾವಿಸಿದ್ದವು. ಇಲ್ಲಿ ವಿಸ್ತರಣೆ ಎಂದರೆ ಸಂಶೋಧನೆಯ ಫಲವನ್ನು ಹಳ್ಳಿಗೆ ಮುಟ್ಟಿಸುವುದು ಮತ್ತು ಹಳ್ಳಿಯ ಪ್ರಶ್ನೆಯನ್ನು ಸಂಶೋಧಕರಿಗೆ ಮುಟ್ಟಿಸುವುದು. ಹೆಬ್ಬಾಳದಿಂದ ದೇವನಹಳ್ಳಿಯ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಮೇಲೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಜನರ ಬಾಯಲ್ಲಿ ಜಿಕೆವಿಕೆ, ಎದ್ದ ಮೇಲೆ ವಿಶ್ವವಿದ್ಯಾಲಯವು ಭೌಗೋಳಿಕವಾಗಿಯೂ ನಗರದ ಅಂಚನ್ನು ದಾಟಿ ಗ್ರಾಮಾಂತರದತ್ತ ಮುಖಮಾಡಿ ನಿಂತಂತಾಯಿತು. ಅದರ ಗೇಟಿನ ಮುಂದೆ ಬಸ್ಸು ಹತ್ತಿದ ವಿದ್ಯಾರ್ಥಿ ಯಲಹಂಕ ದಾಟಿದರೆ ಒಂದು ಕವಲಿನಲ್ಲಿ ದೇವನಹಳ್ಳಿಯ ಚಕ್ಕೋತ ಮತ್ತು ದ್ರಾಕ್ಷಿಯ ತೋಟಗಳನ್ನು, ಇನ್ನೊಂದು ಕವಲಿನಲ್ಲಿ ದೊಡ್ಡಬಳ್ಳಾಪುರದ ರಾಗಿ, ಜೋಳ, ಹಿಪ್ಪುನೇರಳೆಯ ಹೊಲಗಳನ್ನು ಮುಟ್ಟುತ್ತಾನೆ.

ಕಾರ್ಯಾನುಭವ ಎಂಬ ಪದ ಕನ್ನಡದ ಶಾಲಾ ಅಂಕಪಟ್ಟಿಗಳಲ್ಲಿ ಬೇರೂರಿದ್ದು ಕೊಠಾರಿ ಆಯೋಗದ ಪ್ರಭಾವದಿಂದ. 1964ರಿಂದ 1966ರವರೆಗೆ ಕೆಲಸಮಾಡಿದ ಆ ಆಯೋಗವು ಶಾಲೆಯಲ್ಲಿ, ಮನೆಯಲ್ಲಿ, ಹೊಲದಲ್ಲಿ ಅಥವಾ ಕಾರ್ಖಾನೆಯಲ್ಲಿ ಉತ್ಪಾದಕ ಕೆಲಸದಲ್ಲಿ ಪಾಲ್ಗೊಳ್ಳುವುದು ಶಿಕ್ಷಣದ ಅಂಗವಾಗಬೇಕೆಂದು ಹೇಳಿತು. ಅದಕ್ಕೂ ಮೊದಲು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ನಯೀ ತಾಲೀಮ್, ಅಂದರೆ ಕೈಕಸುಬಿನ ಮೂಲಕವೇ ಪಾಠ ಕಲಿಸುವ ಮೂಲಶಿಕ್ಷಣದ ಯೋಜನೆ, ಈ ವಿಚಾರಕ್ಕೆ ನೆಲ ಹದಮಾಡಿತ್ತು. ದುರ್ದೈವದಿಂದ ಅನೇಕ ಶಾಲೆಗಳಲ್ಲಿ ಕಾರ್ಯಾನುಭವವು ವಾರಕ್ಕೊಂದು ಪಿರಿಯಡ್ಡಿನ ಕೈತೋಟವಾಗಿ ಉಳಿದುಹೋಯಿತು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜು ವಿದ್ಯಾರ್ಥಿಗಳನ್ನು ವಾರ, ಹತ್ತು ದಿನಗಳ ಶಿಬಿರಗಳಿಗಾಗಿ ಹಳ್ಳಿಗಳಿಗೆ ಕರೆದೊಯ್ದಿತು. ಅಲ್ಲಿ ಚರಂಡಿ ತೋಡಿದವರು, ಗಿಡ ನೆಟ್ಟವರು, ಊಟದ ಸಾಲಿನಲ್ಲಿ ಮೊದಲ ಬಾರಿಗೆ ಮುದ್ದೆ ಮುರಿದ ನಗರದ ಹುಡುಗರು ಬಹಳ ಮಂದಿ. ಆದರೆ ಆ ಶಿಬಿರಗಳ ಗುರಿ ಸೇವೆಯಾಗಿತ್ತು, ವೃತ್ತಿಯ ಕಲಿಕೆಯಲ್ಲ.

ಕೃಷಿ ಶಿಕ್ಷಣದಲ್ಲಿ ನಿಜವಾದ ತಿರುವು ತಂದದ್ದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನೇಮಿಸಿದ ರಾಂಧವ ಸಮಿತಿಯ 1992ರ ಶಿಫಾರಸು. ಕೃಷಿ ಪದವಿಯ ಕೊನೆಯ ವರ್ಷದ ಒಂದು ಪೂರ್ಣ ಸೆಮಿಸ್ಟರನ್ನು ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಮೀಸಲಿಡಬೇಕೆಂದು ಅದು ಹೇಳಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ವಿದ್ಯಾರ್ಥಿಗಳ ಮಾತಿನಲ್ಲಿ ರಾವೆ ಎಂದಾಗಿರುವ ಈ ವ್ಯವಸ್ಥೆಯನ್ನು ಬೇರೆ ಇಂಟರ್ನ್‌ಶಿಪ್‌ಗಳಿಂದ ಬೇರ್ಪಡಿಸುವ ಮುಖ್ಯ ಅಂಶ ಅದರ ಕಾಲಮಾನ. ಎಂಜಿನಿಯರಿಂಗ್, ಕಾನೂನು, ವಾಣಿಜ್ಯ ಕಲಿಯುವವರು ಕೆಲಸ ಕಲಿಯಲು ಹೋಗುವುದು ಬಹುಮಟ್ಟಿಗೆ ಬೇಸಿಗೆ ರಜೆಯಲ್ಲಿ, ಅಂದರೆ ಕಾಲೇಜಿಗೆ ಬಿಡುವಾದಾಗ. ಬೆಂಗಳೂರು ಗ್ರಾಮಾಂತರದ ಒಣಬೇಸಾಯದ ಹೊಲಕ್ಕೆ ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಮುಂಗಾರಿಗೆ ಮೊದಲ ಮಳೆ ಬಿದ್ದಾಗ ಹೊಡೆದ ಉಳುಮೆಯ ಸಾಲು ಮತ್ತು ಅಲ್ಲಲ್ಲಿ ಗುಡ್ಡೆ ಹಾಕಿದ ಕೊಟ್ಟಿಗೆ ಗೊಬ್ಬರ ಮಾತ್ರ. ಈ ಸೀಮೆಯಲ್ಲಿ ರಾಗಿ ಬಿತ್ತುವುದು ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜುಲೈಯಿಂದ ಆಗಸ್ಟ್ ನಡುವಿನವರೆಗೆ. ತೆನೆ ಕೊಯ್ಯುವುದು ನವೆಂಬರ್, ಡಿಸೆಂಬರಿನಲ್ಲಿ. ಪದವಿಯ ಏಳನೇ ಸೆಮಿಸ್ಟರು ಬೀಳುವುದೂ ಸರಿಸುಮಾರು ಇದೇ ಅವಧಿಯಲ್ಲಿ. ಹೀಗೆ ವಿಶ್ವವಿದ್ಯಾಲಯದ ಪಂಚಾಂಗ ಮೊದಲ ಬಾರಿಗೆ ಮಳೆಯ ನಕ್ಷತ್ರಗಳ ಪಂಚಾಂಗಕ್ಕೆ ಹತ್ತಿರ ಬಂದಿತು, ಮತ್ತು ಈ ಹೊಂದಿಕೆಯೇ ರಾವೆಯ ಶಕ್ತಿಯ ಮೂಲವೆಂದು ಹೇಳಬೇಕು.

ಪ್ರಧಾನಮಂತ್ರಿಗಳು 2015ರ ಜುಲೈ 25ರಂದು ಚಾಲನೆ ಕೊಟ್ಟ ಸ್ಟೂಡೆಂಟ್ ರೆಡಿ ಎಂಬ ಯೋಜನೆಯಲ್ಲಿ ಈ ಕಾರ್ಯಕ್ರಮವೂ ಸೇರಿಕೊಂಡಿತು. ಆ ಬಳಿಕ ಜಾರಿಗೆ ಬಂದ, ಕೃಷಿ ಸಂಶೋಧನಾ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮವು ಇದಕ್ಕೆ 20 ವಾರಗಳನ್ನು ಕೊಟ್ಟಿತು: ಮೊದಲ ಒಂದು ವಾರ ಕಾಲೇಜಿನಲ್ಲಿಯೇ ಸಿದ್ಧತೆ, ಆಮೇಲೆ 8 ವಾರ ಹಳ್ಳಿ, 5 ವಾರ ಸಂಶೋಧನಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರ, 2 ವಾರ ಸಸ್ಯ ಚಿಕಿತ್ಸಾಲಯ, 3 ವಾರ ಕೃಷಿ ಆಧಾರಿತ ಉದ್ಯಮ, ಕೊನೆಯ ವಾರ ವರದಿ. ಸಸ್ಯ ಚಿಕಿತ್ಸಾಲಯವೆಂದರೆ ರೈತರು ತರುವ ರೋಗಪೀಡಿತ ಎಲೆ, ಕಾಯಿ, ಬೇರುಗಳನ್ನು ಪರೀಕ್ಷಿಸಿ ಪರಿಹಾರ ಹೇಳುವ ಕೊಠಡಿ. ಕೃಷಿ ವಿಜ್ಞಾನ ಕೇಂದ್ರವೆಂದರೆ 1974ರಲ್ಲಿ ಪುದುಚೇರಿಯಲ್ಲಿ ಮೊದಲಾಗಿ ಈಗ ದೇಶದ ಬಹುತೇಕ ಎಲ್ಲ ಜಿಲ್ಲೆಗಳಲ್ಲಿಯೂ ಇರುವ, ಹೊಸ ತಂತ್ರಗಳನ್ನು ಆಯಾ ಜಿಲ್ಲೆಯ ಮಣ್ಣಿನಲ್ಲಿ ಪರೀಕ್ಷಿಸಿ ತೋರಿಸುವ ಸಂಸ್ಥೆ. ಬೆಂಗಳೂರು ಗ್ರಾಮಾಂತರದ ಕೇಂದ್ರ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ನಗರ, ಗ್ರಾಮಾಂತರ ಎಂದು ಇಬ್ಭಾಗಿಸಿ, 2007ರಲ್ಲಿ ರಾಮನಗರವನ್ನು ಪ್ರತ್ಯೇಕಿಸಿದ ಮೇಲೆ ಉಳಿದ ನಾಲ್ಕು ತಾಲ್ಲೂಕುಗಳಿಗೆ ಇದೊಂದು ಕೃಷಿಯ ಕೈಕಂಬದಂತಾಗಿದೆ.

ಹಳ್ಳಿಯ ವಾಸ್ತವ್ಯದಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವೃತ್ತಿಯ ದಿಕ್ಕು ಹೊಳೆಯುವುದು ಯೋಜನೆಯ ಶೀರ್ಷಿಕೆಗಳಲ್ಲಲ್ಲ, ಇಂಥ ಸಣ್ಣ ಕೆಲಸಗಳ ನಡುವೆ. ತಂಡವಾಗಿ ಬರುವ ವಿದ್ಯಾರ್ಥಿಗಳಿಗೆ ಊರಿನ ಬೇಸಾಯಗಾರರು ಆತಿಥೇಯ ರೈತರಾಗುತ್ತಾರೆ. ಅವರ ಹೊಲದಲ್ಲಿ ದುಡಿದು, ಅವರ ಲೆಕ್ಕ ಕೇಳಿ, ಅವರ ಬೆಳೆಯ ಏರುಪೇರನ್ನು ದಿನಚರಿಯಲ್ಲಿ ಬರೆದಿಡುವುದು ವಿದ್ಯಾರ್ಥಿಯ ಹೊಣೆ. ಮೊದಲ ದಿನಗಳಲ್ಲಿ ಅರಳಿಕಟ್ಟೆಯ ಮುಂದೆಯೋ ಶಾಲೆಯ ಅಂಗಳದಲ್ಲಿಯೋ ಊರಿನವರನ್ನು ಸೇರಿಸಿ ನೆಲದ ಮೇಲೆ ಬಣ್ಣದ ಪುಡಿಯಿಂದ ಗ್ರಾಮದ ನಕ್ಷೆ ಬಿಡಿಸುವ ರೂಢಿಯಿದೆ. ಸಹಭಾಗಿ ಗ್ರಾಮೀಣ ಸಮೀಕ್ಷೆ ಎಂದು ಕರೆಯುವ ಈ ವಿಧಾನದ ಸಾರವೆಂದರೆ ಹೊರಗಿನಿಂದ ಬಂದವರು ಪ್ರಶ್ನಾವಳಿ ತುಂಬಿಸಿಕೊಂಡು ಹೋಗುವ ಬದಲು ಊರಿನವರೇ ತಮ್ಮ ಊರನ್ನು ಚಿತ್ರಿಸಿ ವಿವರಿಸುವುದು. 1980ರ ದಶಕದ ಕೊನೆಯಲ್ಲಿ ಇದನ್ನು ಭಾರತದಲ್ಲಿ ರೂಢಿಗೆ ತಂದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಪ್ರಮುಖವಾದುದು. ಕೆರೆ ಎಲ್ಲಿ, ಅದರ ತೂಬು ಎಲ್ಲಿ, ಗೋಮಾಳದಲ್ಲಿ ಉಳಿದದ್ದೆಷ್ಟು, ಯಾವ ಕೊಳವೆಬಾವಿ ಬತ್ತಿದೆ, ಯಾವ ಓಣಿಯಲ್ಲಿ ಯಾರ ಮನೆಗಳಿವೆ ಎಂಬುದೆಲ್ಲ ರಂಗೋಲಿಯ ಗೆರೆಗಳಲ್ಲಿ ಮೂಡುವಾಗ, ಮಣ್ಣಿನ ನಕ್ಷೆಯ ಜೊತೆಗೆ ಸಮಾಜದ ನಕ್ಷೆಯೂ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತದೆ.

ಹೊಲದಲ್ಲಿ ಕಲಿಯುವುದು ಇನ್ನೂ ಸೂಕ್ಷ್ಮವಾದದ್ದು. ಪಠ್ಯಪುಸ್ತಕದಲ್ಲಿ ಮಿಶ್ರ ಬೆಳೆ ಎಂದು ಓದಿದ್ದು ಇಲ್ಲಿ ಅಕ್ಕಡಿಯಾಗಿ ಎದುರಾಗುತ್ತದೆ: ರಾಗಿಯ ನಡುನಡುವೆ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಹಾಕುವ ಈ ಪದ್ಧತಿಯಲ್ಲಿ ಮನೆಯ ಮುದ್ದೆ, ಸಾರು, ಒಗ್ಗರಣೆ, ದನದ ಮೇವು ಎಲ್ಲವೂ ಒಂದೇ ಹೊಲದಿಂದ ಬರುತ್ತವೆ, ಮತ್ತು ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಆಸರೆಯಾಗುತ್ತದೆ. ವಿದ್ಯಾರ್ಥಿ ತನ್ನ ಪಾಲಿನ ವಿದ್ಯೆಯನ್ನೂ ತರುತ್ತಾನೆ. ಉಪ್ಪು ಬೆರೆಸಿದ ನೀರಿನಲ್ಲಿ ರಾಗಿ ಬೀಜ ಹಾಕಿ, ತೇಲುವ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ತೊಳೆದು ನೆರಳಲ್ಲಿ ಒಣಗಿಸಿ, ಸಾರಜನಕ ಒದಗಿಸುವ ಅಜೋಸ್ಪಿರಿಲಂ ಎಂಬ ಸೂಕ್ಷ್ಮಾಣು ಗೊಬ್ಬರವನ್ನು ಲೇಪಿಸುವ ಬೀಜೋಪಚಾರವನ್ನು ಅವನು ಮಾಡಿ ತೋರಿಸುತ್ತಾನೆ; ತೆನೆಯ ಕುತ್ತಿಗೆಯನ್ನು ಸುಡುವ ಬೆಂಕಿ ರೋಗವನ್ನು ತಡೆಯುವ ಜಿಪಿಯು-28ರಂಥ ತಳಿಯ ಗುಣವನ್ನು ವಿವರಿಸುತ್ತಾನೆ. ಈ ತಳಿಗಳ ಹಿಂದಿನ ಕಥೆಯಲ್ಲಿಯೂ ಹೊಲದಲ್ಲಿ ಬಗ್ಗಿ ನಿಂತವರ ಪಾಲು ದೊಡ್ಡದು: ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆದರೆ ತಳಿಯ ಇಳುವರಿಯನ್ನು ಹೇಳುವ ವಿದ್ಯಾರ್ಥಿಗೆ ಮನೆಯ ಹಿರಿಯ ಹೆಂಗಸು ಹುಲ್ಲು ಎಷ್ಟು ಬರುತ್ತದೆ, ದನ ಅದನ್ನು ತಿನ್ನುತ್ತದೆಯೇ ಎಂದು ಕೇಳಿದರೆ, ಕಾಳಿನ ಅಂಕಿಯೊಂದರಿಂದಲೇ ಬೆಳೆಯನ್ನು ಅಳೆಯುವ ಅಭ್ಯಾಸ ಅಲ್ಲಿಯೇ ಸಡಿಲವಾಗುತ್ತದೆ. ಪ್ರಶ್ನೆ ಕೇಳುವ ಅಧಿಕಾರ ಪ್ರಾಧ್ಯಾಪಕರಿಂದ ರೈತ ಮನೆಗೆ ವರ್ಗವಾಗುವುದು ಈ ವ್ಯವಸ್ಥೆಯ ಅತ್ಯಂತ ಮೌಲ್ಯಯುತ ಗುಣ.

ದಿಕ್ಕು ಕಂಡುಕೊಳ್ಳುವುದೆಂದರೆ ಎಲ್ಲರೂ ಬೇಸಾಯಕ್ಕೆ ಇಳಿಯುವುದೆಂದಲ್ಲ. ಕರ್ನಾಟಕದಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗಾಗಿ ಕಾಳು, ಬೀಜ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುವುದುಂಟು. ಅದರಲ್ಲಿ ತೇರ್ಗಡೆಯಾಗಿ ಬಂದವರಿಗೂ ತಮ್ಮ ಮನೆಯ ಹೊಲವೊಂದೇ ಗೊತ್ತಿರುತ್ತದೆ, ನಗರದಿಂದ ಬಂದವರಿಗೆ ಅದೂ ಗೊತ್ತಿರುವುದಿಲ್ಲ. ಬೇರೆಯವರ ಹೊಲದಲ್ಲಿ ಕಳೆದ ವಾರಗಳು ಇಬ್ಬರಿಗೂ ಬೇರೆ ಬೇರೆ ಬಾಗಿಲುಗಳನ್ನು ತೋರಿಸುತ್ತವೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಆತಿಥೇಯ ರೈತನ ಜೊತೆ ಹೋದವರು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ, ಬಿಡುವಾಗಿನ ನಿದ್ದೆಗೆಟ್ಟ ರಾತ್ರಿಗಳ ಶ್ರಮ ಹರಾಜಿನಲ್ಲಿ ಕೆಲವೇ ನಿಮಿಷಗಳಲ್ಲಿ ಬೆಲೆಯಾಗುವುದನ್ನು ಕಂಡು, ಬೆಳೆಯುವುದಕ್ಕಿಂತ ಮಾರುವುದರ ಸಮಸ್ಯೆ ದೊಡ್ಡದೆಂದು ತಿಳಿಯುತ್ತಾರೆ. ಇಂಥ ತಿಳಿವಳಿಕೆಗೆ ಈ ಸೀಮೆಯಲ್ಲಿ ಹಳೆಯ ಉದಾಹರಣೆಯೂ ಇದೆ: ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಬೆಳೆಗಾರರ ಮಾರಾಟದ ಸಂಕಷ್ಟವನ್ನು ಕಂಡು, ತೋಟಗಾರಿಕೆ ಇಲಾಖೆಯನ್ನು ಕಟ್ಟಿದ ಎಂ.ಎಚ್. ಮರೀಗೌಡರ ಕಾಲದಲ್ಲಿ 1959ರಲ್ಲಿ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಹೀಗೆ ಒಬ್ಬರಿಗೆ ಸಹಕಾರಿ ಕ್ಷೇತ್ರ, ಇನ್ನೊಬ್ಬರಿಗೆ ಬ್ಯಾಂಕಿನ ಕೃಷಿ ಸಾಲದ ವಿಭಾಗ, ಮತ್ತೊಬ್ಬರಿಗೆ ತಳಿ ಸಂಶೋಧನೆ, ಇಲಾಖೆಯ ಕೃಷಿ ಅಧಿಕಾರಿ ಹುದ್ದೆ, ಅಥವಾ 2002ರಿಂದ ಕೇಂದ್ರ ಸರ್ಕಾರ ಕೃಷಿ ಪದವೀಧರರಿಗೆ ತರಬೇತಿ ಮತ್ತು ಸಾಲದ ನೆರವು ಕೊಡುತ್ತಿರುವ ಕೃಷಿ ಚಿಕಿತ್ಸಾಲಯದಂಥ ಸ್ವಂತ ಉದ್ಯಮ ಹೊಳೆಯಬಹುದು. ತನಗೆ ಹಳ್ಳಿಯ ಕೆಲಸ ಒಗ್ಗದೆಂದು ಅರಿತು ಬೇರೆ ದಾರಿ ಹಿಡಿಯುವವರೂ ಇರುತ್ತಾರೆ, ಮತ್ತು ಇಪ್ಪತ್ತೊಂದರ ವಯಸ್ಸಿನಲ್ಲಿ ಅದು ತಿಳಿಯುವುದು ಮೂವತ್ತೈದರಲ್ಲಿ ತಿಳಿಯುವುದಕ್ಕಿಂತ ಎಷ್ಟೋ ಮೇಲು.

ಕಾರ್ಖಾನೆಗಳ ಕಡೆಯ ಇತಿಹಾಸ ಬೇರೆ ಹಾದಿಯಲ್ಲಿ ಸಾಗಿತು. 1961ರ ಅಪ್ರೆಂಟಿಸ್ ಕಾಯ್ದೆ, ಉದ್ಯಮಗಳು ನಿಗದಿತ ಪ್ರಮಾಣದ ಕಲಿಕಾರ್ಥಿಗಳನ್ನು ಶಿಷ್ಯವೇತನ ಕೊಟ್ಟು ತರಬೇತುಗೊಳಿಸಬೇಕೆಂದು ವಿಧಿಸಿತು, 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತಂದಿತು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಹೊಸಕೋಟೆಯ ವಾಹನ ಕಾರ್ಖಾನೆಗಳು, 2008ರ ಮೇ 24ರಂದು ವಿಮಾನ ಹಾರಾಟ ಆರಂಭವಾದ ಮೇಲೆ ದೇವನಹಳ್ಳಿಯ ಸುತ್ತ ಬೆಳೆದ ಉದ್ಯಮಗಳು ಸೇರಿ ಜಿಲ್ಲೆಯ ತರುಣರಿಗೆ ಇಂಥ ಅವಕಾಶಗಳ ಸಾಲನ್ನು ಉದ್ದಮಾಡಿದವು. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24ರ ವಯಸ್ಸಿನವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಕಲಿಕೆ ಮತ್ತು ತಿಂಗಳಿಗೆ 5,000 ರೂಪಾಯಿಯ ನೆರವನ್ನು ಮುಂದಿಟ್ಟಿತು. ಶಿಷ್ಯವೇತನದ ಪ್ರಶ್ನೆ ಸಣ್ಣದಲ್ಲ: ಉಮೇದುವಾರನ ಕಾಲದಲ್ಲಿ ಸಂಬಳವಿಲ್ಲದೆ ಕಾಯುವ ಶಕ್ತಿ ಇದ್ದದ್ದು ಉಳ್ಳವರ ಮಕ್ಕಳಿಗೆ ಮಾತ್ರ, ಮತ್ತು ಇಂದಿಗೂ ಬೇಸಿಗೆಯಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಬಲ್ಲವರು ಯಾರು, ಅದೇ ಬೇಸಿಗೆಯಲ್ಲಿ ಕೂಲಿಗೆ ಹೋಗಿ ಮುಂದಿನ ವರ್ಷದ ಶುಲ್ಕ ಹೊಂದಿಸಬೇಕಾದವರು ಯಾರು ಎಂಬ ಗೆರೆ ಅಳಿಸಿಲ್ಲ. ಸ್ಟೂಡೆಂಟ್ ರೆಡಿಯಲ್ಲಿ ಕೃಷಿ ವಿದ್ಯಾರ್ಥಿಗೆ ಆರು ತಿಂಗಳ ಕಾಲ ತಿಂಗಳಿಗೆ 3,000 ರೂಪಾಯಿ ಕೊಡುವ ಏರ್ಪಾಡು ಈ ಕಾರಣಕ್ಕಾಗಿ ಮುಖ್ಯವಾಗುತ್ತದೆ, ಮೊತ್ತ ಚಿಕ್ಕದಾದರೂ. ಆತಿಥೇಯ ಮನೆಯವರ ಸಮಯಕ್ಕೆ, ವಿಶೇಷವಾಗಿ ಪ್ರಶ್ನೆಗಳಿಗೆ ಉತ್ತರಿಸುತ್ತಲೇ ಮನೆ, ಕೊಟ್ಟಿಗೆ, ಹೊಲಗಳ ಕೆಲಸ ಸಾಗಿಸುವ ಹೆಂಗಸರ ಸಮಯಕ್ಕೆ, ಬೆಲೆ ಕಟ್ಟುವ ಏರ್ಪಾಡು ಮಾತ್ರ ಈ ಇಡೀ ಇತಿಹಾಸದಲ್ಲಿ ಕಾಣುವುದಿಲ್ಲ; ಇದು ತಿದ್ದಬೇಕಾದ ಕೊರತೆ.

ಈ ಜಿಲ್ಲೆಯಲ್ಲಿ ಹಳ್ಳಿ ವಾಸ್ತವ್ಯದ ಪಾಠಕ್ಕೆ ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಅಧ್ಯಾಯ ಸೇರಿದೆ. ವಿಮಾನ ನಿಲ್ದಾಣ ಬಂದ ಮೇಲೆ ಇಲ್ಲಿನ ಎಕರೆಯೊಂದರ ಬೆಲೆಗೂ ಅದರಲ್ಲಿ ಬೆಳೆಯುವ ರಾಗಿಯ ಬೆಲೆಗೂ ಯಾವ ಸಂಬಂಧವೂ ಉಳಿಯಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು 2022ರಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಿದರು, ಮತ್ತು 2025ರ ಜುಲೈ 15ರಂದು ರಾಜ್ಯ ಸರ್ಕಾರ ಆ ಪ್ರಸ್ತಾವವನ್ನು ಕೈಬಿಟ್ಟಿತು. ಕೃಷಿಯನ್ನು ವೃತ್ತಿಯಾಗಿ ಆರಿಸಿಕೊಳ್ಳಲು ಯೋಚಿಸುವ ವಿದ್ಯಾರ್ಥಿಗೆ, ಭೂಮಿ ಮಾರಿ ಬಡ್ಡಿಯಲ್ಲಿ ಬದುಕಬಹುದಾಗಿದ್ದವರು ಉಳುಮೆಯನ್ನೇ ಆರಿಸಿಕೊಂಡು ಧರಣಿ ಕೂತ ಈ ಸಂಗತಿ, ಯಾವ ವೃತ್ತಿ ಮಾರ್ಗದರ್ಶನದ ಉಪನ್ಯಾಸಕ್ಕಿಂತಲೂ ಆಳವಾದ ಪ್ರಶ್ನೆಯನ್ನು ಎದುರಿಗಿಡುತ್ತದೆ. ಅದೇ ಸೀಮೆಯಲ್ಲಿ ಭೂಮಿ ಮಾರಲು ಸಿದ್ಧರಿದ್ದವರ ಕಾರಣಗಳೂ, ಅಂದರೆ ಸಾಲ, ಬತ್ತಿದ ಬಾವಿ, ಬೇಸಾಯಕ್ಕೆ ನಿಲ್ಲದ ಮಕ್ಕಳು, ಅಷ್ಟೇ ಶ್ರದ್ಧೆಯಿಂದ ದಿನಚರಿಯಲ್ಲಿ ದಾಖಲಾಗಬೇಕಾದವು.

ರಾಂಧವ ಸಮಿತಿಯ ಪೂರ್ಣ ಸೆಮಿಸ್ಟರಿಗೂ ಐದನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮದ ಎಂಟು ವಾರದ ಹಳ್ಳಿ ವಾಸಕ್ಕೂ ನಡುವಿನ ಅಂತರವನ್ನು ಇಲ್ಲಿ ಅಳೆದು ನೋಡಬೇಕು. ಸಂಶೋಧನಾ ಕೇಂದ್ರ, ಚಿಕಿತ್ಸಾಲಯ, ಉದ್ಯಮಗಳನ್ನು ಸೇರಿಸಿದ್ದರಿಂದ ವಿದ್ಯಾರ್ಥಿಗೆ ಕಾಣುವ ಬಾಗಿಲುಗಳ ಸಂಖ್ಯೆ ಹೆಚ್ಚಿತೆಂಬುದು ನಿಜ. ಆದರೆ ರಾಗಿಗೆ ಬಿತ್ತನೆಯಿಂದ ಕೊಯ್ಲಿನವರೆಗೆ ಸುಮಾರು ನಾಲ್ಕು ತಿಂಗಳು ಬೇಕು, ಎಂಟು ವಾರ ಅದರ ಅರ್ಧ. ಪುಷ್ಯ ಮಳೆಯಲ್ಲಿ ಉಪ್ಪು ನೀರಿನಲ್ಲಿ ಬೀಜ ತೇಲಿಸಿ ತೋರಿಸಿದ ತಂಡ, ಪೈರಿನ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುವ ಹೊತ್ತಿಗೆ ಊರಿನಲ್ಲಿರುತ್ತದೆ, ಅವರೆಯ ಸೊಗಡು ಏಳುವ ಕಾರ್ತಿಕದಲ್ಲಿ ಸಂಶೋಧನಾ ಕೇಂದ್ರದಲ್ಲಿಯೋ ಕಾರ್ಖಾನೆಯಲ್ಲಿಯೋ ಇರುತ್ತದೆ, ಕೊಯ್ದ ತೆನೆಯ ಕಂತೆಗಳು ಬಣವೆಯಾಗಿ ಕಣದ ಬದಿಗೆ ಏರುವಾಗ ವರದಿ ಬರೆಯುತ್ತಿರುತ್ತದೆ. ರಾಗಿ ಒಕ್ಕಣೆ ನಡೆಯುವುದು ಬಣವೆ ಕೆಲವು ವಾರ ಕಳೆದ ಮೇಲೆ, ಅನೇಕ ಮನೆಗಳಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ. ಬೀಜೋಪಚಾರ ಮಾಡಿದ ಸಾಲಿಗೂ ಮಾಡದ ಸಾಲಿಗೂ ಎಷ್ಟು ಸೇರಿನ ವ್ಯತ್ಯಾಸ ಬಂದಿತೆಂದು ಕಣದಲ್ಲಿ ಅಳೆಯುವ ಆ ದಿನಕ್ಕೆ ಪಠ್ಯಕ್ರಮದಲ್ಲಿ ಅಂಕವಿಲ್ಲ, ಹಾಜರಿಯಿಲ್ಲ. ಅದನ್ನು ನೋಡಬೇಕೆನಿಸಿದ ವಿದ್ಯಾರ್ಥಿ ಜನವರಿಯ ಒಂದು ಮುಂಜಾನೆ ತಾನಾಗಿಯೇ ಜಿಕೆವಿಕೆಯ ಗೇಟಿನಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಬೇಕು.